ಓದಿಗೆಂದು ಬಂದ ಪೆಟ್ಟಿಗೆ

ದೀಪಾವಳಿ ಹತ್ತಿರ ಬಂತೆಂದರೆ ಶಿರಾಳಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ಹೋರಿಗಳ ಮೈ ತೊಳೆಯುವ ಸಂಭ್ರಮ. ಪೇಟೆಯ ಮನೆಗಳಲ್ಲಿ ಅಟ್ಟ ಗುಡಿಸುವ ಗಡಿಬಿಡಿ. ಅಂಥ ಒಂದು ಮನೆಯಲ್ಲಿ ಅಟ್ಟ ಹತ್ತಿದ ಹುಡುಗನಿಗೆ ಗೋಣಿಚೀಲದಲ್ಲಿ ಸುತ್ತಿಟ್ಟ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಮಾಸಿದ ಬಣ್ಣದ ಯಂತ್ರ, ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು, ‘9999 ಆಟಗಳು’ ಎಂದು ಬರೆದ ಕ್ಯಾಸೆಟ್ಟು.

ಹುಡುಗ ಮೊದಲ ವರ್ಷದ ಪಿಯುಸಿ. ಅವನ ಅಪ್ಪನಿಗೆ ಪೇಟೆಯಲ್ಲಿ ಜೆರಾಕ್ಸ್, ಕಂಪ್ಯೂಟರ್ ಕೆಲಸದ ಸಣ್ಣ ಅಂಗಡಿ. ಅಜ್ಜ ಜಮೀನು ನೋಡಿಕೊಂಡು, ಮನೆಯ ಲೆಕ್ಕದ ಪುಸ್ತಕ ಬರೆದುಕೊಂಡು ಇರುವವರು. ಪೆಟ್ಟಿಗೆ ಕೆಳಗಿಳಿದದ್ದೇ ತಡ, ಅಪ್ಪ ಅಂಗಡಿಗೆ ಹೋಗುವುದನ್ನೂ ಮರೆತು ವೈರುಗಳನ್ನು ಬಿಡಿಸುತ್ತ ಕುಳಿತ.

ಜಪಾನಿನ ನಿಂಟೆಂಡೊ ಕಂಪೆನಿ 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುತ್ತ ಹುಟ್ಟಿದ್ದು. 1983ರಲ್ಲಿ ಅದು ಟಿ.ವಿ.ಗೆ ಜೋಡಿಸುವ ‘ಫ್ಯಾಮಿಕಾಂ’ ಎಂಬ ಆಟದ ಯಂತ್ರವನ್ನು ಹೊರತಂದಿತು. ಅದೇ ಮಾದರಿಯ ಯಂತ್ರಗಳು, ಹೆಚ್ಚಿನವು ನಕಲುಗಳು, 1990ರ ದಶಕದಲ್ಲಿ ಸಮುರಾಯ್, ಲಿಟ್ಲ್ ಮಾಸ್ಟರ್ ಮುಂತಾದ ಹೆಸರಿನಲ್ಲಿ ನಮ್ಮ ಊರುಗಳಿಗೂ ಬಂದವು. ಮಾರಿಯೊ, ಕಾಂಟ್ರಾ, ಬಾತುಕೋಳಿ ಬೇಟೆ ಮಕ್ಕಳ ಬಾಯಲ್ಲಿ ಮನೆಮಾತಾದವು. ಕ್ಯಾಸೆಟ್ಟು ಓಡದಿದ್ದರೆ ಬಾಯಿಂದ ಊದಿ ಮತ್ತೆ ಹಾಕುವುದು ಆ ಕಾಲದ ಸರ್ವರೋಗ ಪರಿಹಾರ. ನಿಜಕ್ಕೂ ಕೆಲಸ ಮಾಡುತ್ತಿದ್ದುದು ಊದುವಿಕೆಯಲ್ಲ, ತೆಗೆದು ಮತ್ತೆ ಸರಿಯಾಗಿ ಕೂರಿಸುವುದು. ಮಾರಿಯೊ ಆಟದಲ್ಲಿ 32 ಹಂತಗಳು. ಆಡಿದ್ದನ್ನು ಉಳಿಸಿಡುವ ಏರ್ಪಾಡಿರಲಿಲ್ಲ. ಇಪ್ಪತ್ತೆಂಟನೆಯ ಹಂತದಲ್ಲಿ ಕರೆಂಟು ಹೋದರೆ ಮತ್ತೆ ಒಂದರಿಂದ. ಹೀಗಾಗಿ ಲೋಡ್ ಶೆಡ್ಡಿಂಗ್ ಎಂಬುದು ಅಂದಿನ ಪಾಲಕರ ಪಾಲಿಗೆ ದೊಡ್ಡ ಸಹಾಯವಾಗಿತ್ತು!

ಎಲ್‌ಇಡಿ ಟಿ.ವಿ.ಗೆ ಜೋಡಿಸಿದಾಗ ಮಾರಿಯೊ ಓಡಿದ. ಅಜ್ಜನೂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಆದರೆ ಬಂದೂಕಿನಿಂದ ಬಾತುಕೋಳಿ ಒಂದೂ ಬೀಳಲಿಲ್ಲ. ‘ಹಾಳಾಗಿದೆ ಅಪ್ಪಾಜಿ’ ಎಂದ ಹುಡುಗ. ಹಾಳಾಗಿರಲಿಲ್ಲ. ಗುಂಡಿ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಹಕ್ಕಿ ಇರುವಲ್ಲಿ ಮಾತ್ರ ಬಿಳಿಯ ಚೌಕ ಮಿಂಚುತ್ತದೆ. ಬಂದೂಕಿನ ತುದಿಯ ಕಣ್ಣು ಆ ಬೆಳಕನ್ನು ಕಂಡರೆ ಗುರಿ ತಾಗಿದಂತೆ. ಹಳೆಯ ಗಾಜಿನ ಪಿಕ್ಚರ್ ಟ್ಯೂಬು ಆ ಮಿಂಚನ್ನು ತಡಮಾಡದೆ ತೋರಿಸುತ್ತಿತ್ತು. ಹೊಸ ಟಿ.ವಿ. ಚಿತ್ರವನ್ನು ಹದಗೊಳಿಸಿ ತೋರಿಸುವಷ್ಟರಲ್ಲಿ ಕ್ಷಣ ಮೀರಿರುತ್ತದೆ.

ಆ ಸಂಜೆ ಹುಡುಗ ಬಹಳ ದಿನದಿಂದ ನುಂಗಿಕೊಂಡಿದ್ದ ಮಾತನ್ನು ತೆಗೆದ. ‘ಅಪ್ಪಾಜಿ, ನನಗೊಂದು ಗೇಮಿಂಗ್ ಲ್ಯಾಪ್‌ಟಾಪ್ ಬೇಕು. ಕೋಡಿಂಗ್ ಕಲಿಯೋಕೆ.’

ಅಮ್ಮ ಅಡುಗೆಮನೆಯಿಂದ ನಕ್ಕರು. ಜಗಲಿಯಲ್ಲಿ ಅಡಕೆ ಕತ್ತರಿಸುತ್ತಿದ್ದ ಅಜ್ಜ ತಲೆ ಎತ್ತದೆ ಹೇಳಿದರು: ‘ನಿಮ್ಮಪ್ಪಂಗೂ ಓದೋಕೇ ಅಂತ ತಂದುಕೊಟ್ಟಿದ್ದು.’

ಅಪ್ಪನ ಮುಖ ಸಣ್ಣಗಾಯಿತು.

ಅದು 2002ರ ಮಾತು. ಆಗ ಅಪ್ಪನೂ ಪಿಯುಸಿ. ಟಿ.ವಿ. ಗೇಮು ಚಿಕ್ಕ ಮಕ್ಕಳದ್ದು, ಇನ್ನು ಕಂಪ್ಯೂಟರ್ ಇಲ್ಲದೆ ಭವಿಷ್ಯವಿಲ್ಲ ಎಂದು ಅವನು ಅಜ್ಜನಿಗೆ ದಿನವೂ ಹೇಳುತ್ತಿದ್ದ. ಆ ವರ್ಷದ ಶುಂಠಿಯ ದುಡ್ಡಿನಲ್ಲಿ ಶಿವಮೊಗ್ಗದಿಂದ ಬಸ್ಸಿನ ಮೇಲೆ ಕಂಪ್ಯೂಟರ್ ಬಂತು. ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಅದನ್ನು ಒಳಕೋಣೆಯಲ್ಲಿ ಕೂರಿಸಿದರು. ‘ಓದ್ತಾ ಇದಾನೆ, ಸದ್ದು ಮಾಡಬೇಡಿ’ ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದರು. ಒಳಗೆ ಬಾಗಿಲು ಹಾಕಿಕೊಂಡು ಅಪ್ಪ ‘ರೋಡ್ ರ‍್ಯಾಶ್’ ಬೈಕು ಓಡಿಸುತ್ತಿದ್ದ. ‘ಪ್ರಿನ್ಸ್ ಆಫ್ ಪರ್ಷಿಯಾ’ದ ಕೋಟೆಯಲ್ಲಿ ಜಿಗಿಯುತ್ತಿದ್ದ. ಎರಡನೆಯ ವರ್ಷ ಗಣಿತದಲ್ಲಿ ಫೇಲಾದ. ಇಂಜಿನಿಯರಿಂಗ್ ಮಾತು ಅಲ್ಲಿಗೇ ನಿಂತಿತು. ಅಜ್ಜ ನೆಂಟರಿಗೆಲ್ಲ ಪೇಪರ್ ಕಷ್ಟ ಬಂದಿತ್ತೆಂದು ಹೇಳಿದರು. ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ.

ನಮ್ಮ ಊರುಗಳಲ್ಲಿ ಆಟದ ಯಂತ್ರವೂ ಕಂಪ್ಯೂಟರೂ ಪೈಪೋಟಿ ನಡೆಸಿದ್ದು ಹೀಗೆ. ಜಪಾನು, ಅಮೆರಿಕಗಳಲ್ಲಿ ಯಾವುದರ ಚಿತ್ರ ಚೆನ್ನ, ಯಾವುದರ ವೇಗ ಹೆಚ್ಚು ಎಂಬ ಚರ್ಚೆಯಾದರೆ, ಇಲ್ಲಿ ಗೆದ್ದದ್ದು ‘ಓದಿಗೆ’ ಎಂಬ ಒಂದು ಶಬ್ದ. ಆಟದ ಪೆಟ್ಟಿಗೆ ತಾನು ಆಟಕ್ಕೆಂದೇ ಬಂದವನು ಎಂದು ಹೇಳಿಕೊಳ್ಳುತ್ತಿತ್ತು. ಆದ್ದರಿಂದ ಪರೀಕ್ಷೆ ಬಂದಾಗ ಅಟ್ಟಕ್ಕೆ ಹೋಗುತ್ತಿತ್ತು. ಕಂಪ್ಯೂಟರನ್ನು ಅಟ್ಟಕ್ಕೆ ಹಾಕುವ ಧೈರ್ಯ ಯಾವ ತಂದೆಗಿತ್ತು?

ಇಂದು ಎರಡರ ನಡುವಿನ ಗೋಡೆ ಬಹಳ ತೆಳ್ಳಗಾಗಿದೆ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಯಂತ್ರಗಳ ಮಿದುಳು ಕಂಪ್ಯೂಟರಿನ ಜಾತಿಯದೇ. ಮೈಕ್ರೋಸಾಫ್ಟ್ ತನ್ನ ಆಟಗಳನ್ನು ಎಕ್ಸ್‌ಬಾಕ್ಸ್‌ಗೂ ಕಂಪ್ಯೂಟರಿಗೂ ಒಂದೇ ದಿನ ಕೊಡುವ ರೂಢಿ ಬೆಳೆಸಿತು. ತನ್ನ ಪೆಟ್ಟಿಗೆಗೇ ಮೀಸಲಿಟ್ಟಿದ್ದ ‘ಗಾಡ್ ಆಫ್ ವಾರ್’ ಆಟವನ್ನು ಸೋನಿ ಕೂಡ 2022ರಲ್ಲಿ ಕಂಪ್ಯೂಟರಿಗೆ ತಂದಿತು. ಖರ್ಚಿನ ಲೆಕ್ಕ ಮಾತ್ರ ಬೇರೆ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗ ಬೆಲೆ ರೂ. 49,990. ಅಷ್ಟೇ ಶಕ್ತಿಯ ಕಂಪ್ಯೂಟರಿಗೆ ಅದಕ್ಕಿಂತ ಹೆಚ್ಚು ಬೀಳುತ್ತಿತ್ತು. ಪೆಟ್ಟಿಗೆಯನ್ನು ಕಡಿಮೆ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರಿ, ಆಟಗಳಲ್ಲಿ ದುಡ್ಡು ಮಾಡುವುದು ಈ ವ್ಯಾಪಾರದ ಹಳೆಯ ಜಾಣ್ಮೆ. ಆಗಿನ ದೊಡ್ಡ ಹೊಸ ಆಟಗಳಿಗೆ ಒಂದೊಂದಕ್ಕೆ ರೂ. 4,999ರವರೆಗೂ ಇತ್ತು. ಕಂಪ್ಯೂಟರ್ ಆಟಗಳ ‘ಸ್ಟೀಮ್’ ಅಂಗಡಿಯಲ್ಲಿ 2015ರಿಂದ ರೂಪಾಯಿ ಲೆಕ್ಕದಲ್ಲೇ ಕೊಳ್ಳಬಹುದು. ರಿಯಾಯಿತಿಯ ದಿನಗಳಲ್ಲಿ ಹಳೆಯ ಆಟಗಳು ತೀರ ಅಗ್ಗ.

ಆದರೆ ಕನ್ಸೋಲಿಗಿಲ್ಲದ ಒಂದು ಗುಣ ಕಂಪ್ಯೂಟರಿಗಿದೆ. ಅದರಲ್ಲಿ ಆಡುವುದಷ್ಟೇ ಅಲ್ಲ, ಆಟವನ್ನು ಕಟ್ಟಲೂಬಹುದು. ಬ್ಲೆಂಡರ್, ಗೋಡೋ ಮುಂತಾದ ಸಾಧನಗಳು ಪುಕ್ಕಟೆ ಸಿಗುತ್ತವೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಗಳನ್ನು ರೂಪಿಸಿಕೊಡುತ್ತ ಬೆಳೆಯಿತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಆದರೆ ಇಂಥ ಕೆಲಸಕ್ಕೆ ಬೇಕಾಗುವುದು ಚಿತ್ರಕಲೆ, ಗಣಿತ, ತಾಳ್ಮೆ. ಆಡಿದವರೆಲ್ಲ ಕಟ್ಟುವವರಾಗುತ್ತಾರೆಂದು ತಿಳಿದರೆ, ಊಟ ಮಾಡಿದವರೆಲ್ಲ ಅಡುಗೆಭಟ್ಟರಾಗುತ್ತಾರೆಂದು ತಿಳಿದಂತೆ.

ಇಷ್ಟಾದರೂ ಈ ಎರಡರ ಜಗಳದಲ್ಲಿ ಗೆದ್ದದ್ದು ಮೂರನೆಯದು, ಜೇಬಿನ ಮೊಬೈಲು. ಪಬ್‌ಜಿ ಮೊಬೈಲನ್ನು ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. 2021ರಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯ್ದೆಯನ್ನೇ ತಂದಿತು. ಹಳೆಯ ಪೆಟ್ಟಿಗೆ ಹಾಲಿನಲ್ಲಿತ್ತು, ಎರಡು ರಿಮೋಟಿತ್ತು, ತಮ್ಮನೋ ಪಕ್ಕದ ಮನೆಯವನೋ ಜೊತೆಗಿರುತ್ತಿದ್ದ. ಮೊಬೈಲಿನ ಆಟ ಹೊದಿಕೆಯೊಳಗೂ ನಡೆಯುತ್ತದೆ, ಕರೆಂಟು ಹೋದರೂ ನಿಲ್ಲದು.

ಪಾಲಕರು ಗಾಬರಿಯಾಗುವ ಮೊದಲು ಒಂದು ಅಳತೆಗೋಲನ್ನು ತಿಳಿದಿರುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬಹಳ ಹೊತ್ತು ಆಡಿದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ರೆ ಓದಿಗಿಂತ ಅದೇ ಮುಖ್ಯವಾಗುವುದು, ತೊಂದರೆ ಕಂಡರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಮುಂದುವರಿಯುವುದು ಅದರ ಲಕ್ಷಣ. ಹೀಗಾದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಎಂಬ ಚಿಕಿತ್ಸಾ ವಿಭಾಗವನ್ನು ತೆರೆದಿದೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಮಗನಿಗೆ ಗಣಿತದ ಕಥೆಯನ್ನು ಹೇಳಿದ, ಅಜ್ಜನ ಎದುರಿಗೇ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮಾತು ಮನೆಯಲ್ಲಿ ಬಂದಿರಲಿಲ್ಲ.

‘ನನಗೆ ಗೊತ್ತಿತ್ತಲ್ಲೋ’ ಎಂದರು ಅಜ್ಜ. ‘ಓದೋ ಕಂಪ್ಯೂಟರಿಂದ ರಾತ್ರಿ ಹನ್ನೊಂದಕ್ಕೆ ಬೈಕಿನ ಸದ್ದು ಬರುತ್ತಾ?’

‘ಮತ್ತೆ ಯಾಕೆ ಕೇಳ್ಲಿಲ್ಲ ಅಪ್ಪಾಜಿ?’

‘ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ದೆ. ಸುಮ್ನಾದೆ. ಕೇಳಬೇಕಿತ್ತು ಅಂತ ಆಮೇಲೆ ಅನ್ನಿಸ್ತು.’

ಹುಡುಗ ತಟ್ಟೆಯಲ್ಲಿ ಅನ್ನ ಕಲೆಸುತ್ತಲೇ ಇದ್ದ. ಆಮೇಲೆ ಮೆಲ್ಲಗೆ, ‘ಅಪ್ಪಾಜಿ, ಅರ್ಧ ಆಟಕ್ಕೇ ಬೇಕು’ ಎಂದ.

ಮಾತು ಅಲ್ಲಿಂದ ಸಲೀಸಾಯಿತು. ಲ್ಯಾಪ್‌ಟಾಪ್ ಅಲ್ಲ, ಮೇಜಿನ ಮೇಲಿನ ಕಂಪ್ಯೂಟರ್, ಒಳಕೋಣೆಯಲ್ಲಲ್ಲ, ಹಾಲಿನಲ್ಲಿ. ಮುಂದೆ ಬೇಕಾದರೆ ಒಂದೊಂದೇ ಭಾಗ ಬದಲಿಸಬಹುದು. ಮೊಬೈಲು ರಾತ್ರಿ ಜಗಲಿಯ ಗೂಡಿನಲ್ಲಿ. ಆಟದ ರಿಮೋಟು ಎರಡು ತರಬೇಕೆಂದು ಅಪ್ಪನೇ ಸೇರಿಸಿದ. ‘ಎರಡನೇದು ಯಾರಿಗೆ?’ ಎಂದು ಅಮ್ಮ ಕೇಳಿದ್ದಕ್ಕೆ ಅವನು ಉತ್ತರ ಕೊಡಲಿಲ್ಲ.

ಹಬ್ಬ ಕಳೆದು ಕಂಪ್ಯೂಟರ್ ಬಂದ ದಿನ ಅಜ್ಜ ಲೆಕ್ಕದ ಪುಸ್ತಕ ತೆಗೆದರು. 2002ರ ಪುಸ್ತಕದಲ್ಲಿ ಅವರದೇ ಅಕ್ಷರದಲ್ಲಿ ‘ಕಂಪ್ಯೂಟರ್, ಓದಿನ ಬಾಬ್ತು’ ಎಂದಿತ್ತು. ಈ ಸಲ ಮೊತ್ತ ಬರೆದು, ಬಾಬ್ತು ಎಂಬಲ್ಲಿ ಪೆನ್ನು ನಿಲ್ಲಿಸಿ ಮೊಮ್ಮಗನ ಮುಖ ನೋಡಿದರು. ಅವನು ಹೇಳಿದ. ಅಜ್ಜ ಹಾಗೆಯೇ ಬರೆದರು: ‘ಓದು ಮತ್ತು ಆಟ.’