ಪಂದ್ಯದ ದಿನದ ತೆಂಗಿನಕಾಯಿ

ಆಟವಾಡುವವರ ವಿಷಯವಾಗಿ ಬರೆದವರು ಬಹುಮಂದಿ ಉಂಟು. ಆಟ ನೋಡುವವರ ವಿಷಯವಾಗಿ ಬರೆದವರು ವಿರಳ. ಬಯಲಿನ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ, ತಂಡ ಗೆದ್ದಾಗ ತಾನೇ ಗೆದ್ದಂತೆ ಬೀಗಿ, ಸೋತಾಗ ರಾತ್ರಿಯ ಊಟವನ್ನು ಬಿಡುವ ಆ ಬಡಪ್ರಾಣಿಯ ಸುಖದುಃಖಗಳನ್ನು ಕೇಳುವವರಾರು? ನಾನು ಆ ಜಾತಿಗೆ ಸೇರಿದವನು. ಹಾಕಿಯ ಕೋಲನ್ನು ಪಂದ್ಯದಲ್ಲಿ ಒಮ್ಮೆಯೂ ಹಿಡಿದವನಲ್ಲ. ಆದರೂ ಮೈಸೂರಿನ ಒಂದು ಕಾಲೇಜಿನ ಹಾಕಿ ತಂಡದಲ್ಲಿ ಮೂರು ವರ್ಷ ನನಗೊಂದು ಪದವಿಯಿತ್ತು. ಅದು ಬಂದ ಬಗೆಯನ್ನೂ ಹೋದ ಬಗೆಯನ್ನೂ ವಾಚಕರಲ್ಲಿ ನಿವೇದಿಸಬೇಕೆಂದಿದ್ದೇನೆ.

ನಮ್ಮದು ತಿಪಟೂರು ತಾಲ್ಲೂಕಿನ ಬಿಳಿಗೆರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯನ್ನು ಬಲ್ಲವರಿಗೆ ನಮ್ಮ ಬದುಕನ್ನು ಬಣ್ಣಿಸಬೇಕಾಗಿಲ್ಲ. ಮನೆಯ ಮುಂದೆ ತೆಂಗು, ಹಿಂದೆ ತೆಂಗು, ತಲೆಯ ಮೇಲೆ ಅಟ್ಟದ ತುಂಬ ತೆಂಗಿನಕಾಯಿ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ತಿಪಟೂರಿನ ಉಂಡೆ ಕೊಬ್ಬರಿಯೆಂದು ಹೆಸರಾದದ್ದು ಅದೇ. ಹುಡುಗರಾದ ನಮಗೆ ಮಟ್ಟೆಯೇ ದಾಂಡು, ಮಟ್ಟೆಯೇ ಕೋಲು. ಬುಡ ಬಾಗಿದ ಒಂದು ಮಟ್ಟೆ ಸಿಕ್ಕಿದರೆ ಕುರುಂಬೆಯನ್ನು ಚೆಂಡು ಮಾಡಿಕೊಂಡು ಕಣದಲ್ಲಿ ಹೊಡೆದಾಡುತ್ತಿದ್ದೆವು. ಈ ಆಟಕ್ಕೆ ಹಾಕಿಯೆಂಬ ಹೆಸರುಂಟೆಂದು ನಾನು ತಿಳಿದದ್ದು 1973ರಲ್ಲಿ, ಕಾಲೇಜಿಗೆ ಸೇರಿದ ಮೇಲೆ.

ಆ ವರ್ಷ ಹಾಲೆಂಡಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಕೊಡಗಿನ ಎಂ. ಪಿ. ಗಣೇಶರು ಭಾರತದ ನಾಯಕರಾಗಿದ್ದರು. ನಮ್ಮ ತಂಡಕ್ಕೆ ಎರಡನೆಯ ಸ್ಥಾನ ಬಂದಿತ್ತು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಕೊಡಗಿನ ಹುಡುಗರು ಅನೇಕರಿದ್ದರು. ಅವರ ಮಾತೆಲ್ಲ ಹಾಕಿ, ಕನಸೆಲ್ಲ ಹಾಕಿ. ನನ್ನ ಕೊಠಡಿಯಲ್ಲಿದ್ದವನು ತಂಡದ ಗೋಲಿ. ಅವನ ಹಿಂದೆ ಹಿಂದೆ ನಾನೂ ಮೈದಾನಕ್ಕೆ ಹೋಗತೊಡಗಿದೆ.

ಆಗಿನ ಪಂದ್ಯದ ದಿನವೆಂದರೆ ಒಂದು ಹಬ್ಬವೇ ಸರಿ. ಮಧ್ಯಾಹ್ನ ಎರಡು ಗಂಟೆಗೆ ಪಾಠಗಳನ್ನು ನಿಲ್ಲಿಸಿಬಿಡುತ್ತಿದ್ದರು. ವಿದ್ಯಾರ್ಥಿಗಳು, ಉಪಾಧ್ಯಾಯರು, ಕಚೇರಿಯ ಗುಮಾಸ್ತರು, ಬೀದಿಯಲ್ಲಿ ಹೋಗುತ್ತಿದ್ದವರು, ಕಡಲೇಕಾಯಿ ಮಾರುವವರು, ಎಲ್ಲರೂ ಬಯಲಿನ ಸುತ್ತ ನೆರೆಯುತ್ತಿದ್ದರು. ಆಟ ಮೊದಲಾಗುತ್ತಿದ್ದುದು ‘ಬುಲ್ಲಿ’ಯಿಂದ. ಎರಡು ಕಡೆಯ ಒಬ್ಬೊಬ್ಬ ಆಟಗಾರ ಚೆಂಡಿನ ಎರಡು ಮಗ್ಗುಲಿನಲ್ಲಿ ಎದುರುಬದುರಾಗಿ ನಿಂತು, ಕೋಲಿನಿಂದ ನೆಲವನ್ನೊಮ್ಮೆ, ಎದುರಾಳಿಯ ಕೋಲನ್ನೊಮ್ಮೆ, ಹೀಗೆ ಮೂರು ಬಾರಿ ತಟ್ಟಿ, ಆಮೇಲೆ ಚೆಂಡಿಗಾಗಿ ಸೆಣಸುವರು. ಜಗಳಕ್ಕೆ ಮುಂಚೆ ಪರಸ್ಪರ ನಮಸ್ಕಾರ ಮಾಡಿಕೊಂಡಂತೆ ನನಗೆ ಕಾಣುತ್ತಿತ್ತು.

ಬುಲ್ಲಿಗಿಂತ ಮೊದಲು ನಮ್ಮ ತಂಡದ್ದೇ ಆದ ಒಂದು ಸಂಪ್ರದಾಯವಿತ್ತು. ಗೋಲಿಯಾದವನು ಗೋಲುಕಂಬದ ಹಿಂದಿನ ಕಲ್ಲಿಗೆ ಒಂದು ತೆಂಗಿನಕಾಯಿ ಒಡೆಯುವನು. ಪಂದ್ಯ ಮುಗಿದ ಮೇಲೆ, ಗೆಲ್ಲಲಿ ಸೋಲಲಿ, ಆ ಕಾಯಿಯ ಚೂರನ್ನು ಬೆಲ್ಲದೊಡನೆ ಎದುರು ತಂಡದವರಿಗೂ ಹಂಚಬೇಕು. ಈ ಪದ್ಧತಿಯನ್ನು ಯಾರು ಆರಂಭಿಸಿದರೋ ನಾನರಿಯೆ. ನಾನು ಬರುವವರೆಗೆ ಕಾಯನ್ನು ಅಂಗಡಿಯಿಂದ ಕೊಳ್ಳುತ್ತಿದ್ದರು. ತಿಪಟೂರಿನ ಕಡೆಯ ಹುಡುಗನೊಬ್ಬ ಸಿಕ್ಕಿದ ಮೇಲೆ ಅಂಗಡಿಯ ಕಾಯೇಕೆ? “ಇನ್ನು ಮುಂದೆ ಕಾಯಿ ನಿನ್ನದು,” ಎಂದು ತಂಡದ ನಾಯಕ ಅಪ್ಪಣೆಯಿತ್ತ. ಇದೇ ನನ್ನ ಪದವಿ. ಊರಿಗೆ ಹೋದಾಗಲೆಲ್ಲ ನಮ್ಮ ಅವ್ವ ರಾಶಿಯಿಂದ ಒಂದೊಂದೇ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಬೆರಳಿನಿಂದ ತಟ್ಟಿ, ಜುಟ್ಟು ಬಿಟ್ಟು ಸುಲಿಸಿ, ನಾಲ್ಕಾರನ್ನು ಚೀಲಕ್ಕೆ ಹಾಕಿಕೊಡುವಳು. ಅರಸೀಕೆರೆಯಲ್ಲಿ ಗಾಡಿ ಬದಲಿಸಿ, ಹಾಸನದ ಮೇಲೆ ಮೈಸೂರಿಗೆ ಆ ಚೀಲವನ್ನು ಹೊತ್ತು ಬರುವಾಗ ನನ್ನ ಎದೆ ಉಬ್ಬುತ್ತಿತ್ತು. ಹನ್ನೊಂದು ಮಂದಿ ಆಡುವವರಿದ್ದರೇನು, ಹನ್ನೆರಡನೆಯವನಾದ ನಾನಿಲ್ಲದೆ ಆಟ ಮೊದಲಾಗುವುದುಂಟೆ!

1975ರ ಮಾರ್ಚಿಯಲ್ಲಿ ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ ವಿದ್ಯಾರ್ಥಿನಿಲಯದ ಒಂದೇ ರೇಡಿಯೋವಿನ ಸುತ್ತ ನಾವು ಉಸಿರು ಬಿಗಿಹಿಡಿದು ಕುಳಿತಿದ್ದೆವು. ಗೆಲುವಿನ ಗೋಲು ಧ್ಯಾನಚಂದರ ಮಗ ಅಶೋಕಕುಮಾರರದು. ಕೊಡಗಿನ ಬಿ. ಪಿ. ಗೋವಿಂದರೂ ಆ ತಂಡದಲ್ಲಿದ್ದರು. ಆ ರಾತ್ರಿ ನನ್ನ ಚೀಲದಲ್ಲಿದ್ದ ಕಾಯಿಗಳೆಲ್ಲ ಒಡೆದುಹೋದುವು.

ಇನ್ನು ಪದವಿ ಹೋದ ಬಗೆ. ಅದರ ಮರುವರ್ಷ ನಮ್ಮ ತಂಡ ಒಂದು ಪಂದ್ಯಾವಳಿಯ ಕೊನೆಯ ಪಂದ್ಯಕ್ಕೆ ಬಂದಿತು. ನಾನು ಕಾಯಿಗೆಂದು ಊರಿಗೆ ಓಡಿದೆ. ಅವ್ವ ನೆಂಟರ ಮನೆಗೆ ಹೋಗಿದ್ದಳು. ಗಾಡಿಗೆ ಹೊತ್ತಾಗಿತ್ತು. ಅಂಗಳದಲ್ಲಿ ಕಾಯಿ ಕಾಣಲಿಲ್ಲ. ಅಟ್ಟ ಹತ್ತಿ ಕೈಗೆ ಸಿಕ್ಕಿದ ಒಂದನ್ನು ಸುಲಿದು ಚೀಲಕ್ಕೆ ತುರುಕಿದೆ. ಕೊಬ್ಬರಿಗೆಂದು ಹಾಕಿ ನಾಲ್ಕೈದು ತಿಂಗಳಾಗಿದ್ದ ಕಾಯಿ ಅದು. ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಅಂಥದರಲ್ಲಿ ಕೆಟ್ಟದ್ದು ಒಂದಿದ್ದೇ ಇರುತ್ತದೆಂದು ಬಿಳಿಗೆರೆಯ ಮಗುವೂ ಬಲ್ಲದು. ಒಮ್ಮೆ ಅಲ್ಲಾಡಿಸಿ ನೋಡುವಷ್ಟು ತಾಳ್ಮೆ ನನಗಿರಲಿಲ್ಲ.

ಮರುದಿನ ಸಾವಿರ ಜನರೆದುರಿಗೆ ಗೆಳೆಯ ಕಾಯಿ ಒಡೆದ. ಕಪ್ಪು ನೀರು ಚೆಲ್ಲಿ ದುರ್ಗಂಧ ಹಬ್ಬಿತು. ಯಾರೂ ಮಾತನಾಡಲಿಲ್ಲ. ಒಬ್ಬ ಆಟಗಾರ ಮುಖ ತಿರುಗಿಸಿಕೊಂಡ. ಆ ದಿನ ನಾವು ಒಂದು ಗೋಲಿನಿಂದ ಸೋತೆವು. ಸಂಜೆ ಹಂಚಲು ಕಾಯಿಯ ಚೂರು ಸಹ ಇರಲಿಲ್ಲ. “ಆರಂಭದಲ್ಲೇ ಕೆಟ್ಟಿತ್ತು,” ಎಂದು ಯಾರೋ ಕತ್ತಲೆಯಲ್ಲಿ ಅಂದದ್ದು ನನ್ನ ಕಿವಿಗೆ ಬಿತ್ತು. ಅದು ಯಾರ ದನಿಯೆಂದು ತಿಳಿಯಲಿಲ್ಲ. ಎಲ್ಲರದೂ ಎಂದು ನಾನು ತಿಳಿದುಕೊಂಡೆ. ಅಂದಿನಿಂದ ಮೈದಾನದ ಕಡೆಗೆ ತಲೆಹಾಕಲಿಲ್ಲ. ಪರೀಕ್ಷೆ ಮುಗಿಸಿ ಊರಿಗೆ ಬಂದವನು ತೋಟ, ಮನೆ, ಮಕ್ಕಳು ಎಂದು ಸಂಸಾರದಲ್ಲಿ ಮುಳುಗಿದೆ. ಹಾಕಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವೆನು. ನೋಡಲು ಮಾತ್ರ ಹೋಗೆನು.

ನಾನು ನೋಡದಿದ್ದ ಆ ಕಾಲದಲ್ಲಿ ಹಾಕಿಯೇ ಬೇರೆಯಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಬಂದಿತು. 1980ರಲ್ಲಿ ಮಾಸ್ಕೋವಿನಲ್ಲಿ ನಮಗೆ ಚಿನ್ನ ದೊರೆಯಿತು, ಕೊಡಗಿನ ಎಂ. ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಆಮೇಲೆ ನಲವತ್ತೊಂದು ವರ್ಷ ಒಲಿಂಪಿಕ್ ಪದಕವಿಲ್ಲ. 2008ರಲ್ಲಿ ಅಲ್ಲಿಗೆ ಹೋಗುವ ಅರ್ಹತೆಯೂ ಸಿಗಲಿಲ್ಲ. ಪಂದ್ಯಾರಂಭದ ಬುಲ್ಲಿ 1981ರ ಸುಮಾರಿಗೆ ಹೋಯಿತು. ಆಫ್‌ಸೈಡ್ ನಿಯಮ ಹೋಯಿತು. ಮೂವತ್ತೈದು ನಿಮಿಷದ ಎರಡು ಭಾಗಗಳು ಹೋಗಿ ಹದಿನೈದು ನಿಮಿಷದ ನಾಲ್ಕು ಭಾಗಗಳಾದವು. ರೇಷ್ಮೆಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆಯ ಮರದಿಂದಲೇ ಮಾಡುತ್ತಿದ್ದ ಕೋಲು ಹೋಗಿ ಇಂಗಾಲದ ನಾರಿನ ಕೋಲು ಬಂದಿತು. ಇವು ಆಟದ ಬದಲಾವಣೆಗಳು. ವೇಗ ಹೆಚ್ಚಿತು, ಸೊಗಸೂ ಕೆಡಲಿಲ್ಲ. ಇವುಗಳ ಮೇಲೆ ನನ್ನ ದೂರಿಲ್ಲ.

2024ರ ಬೇಸಗೆಯಲ್ಲಿ ಹಳೆಯ ಗೋಲಿ ಗೆಳೆಯನಿಂದ ಕರೆ ಬಂದಿತು. “ಈ ಸಲ ನಾಪೋಕ್ಲಿನಲ್ಲಿ ನಮ್ಮವರ ಹಾಕಿ ನಮ್ಮೆ. ನಮ್ಮ ಒಕ್ಕದ ತಂಡವೂ ಆಡುತ್ತದೆ. ಬಾ ಮಾರಾಯ, ಇನ್ನೆಷ್ಟು ದಿನ ಇರುತ್ತೇವೆ ನಾವು?” ಎಂದ. ಇಷ್ಟು ಕೇಳಿದ ಮೇಲೆ ಇಲ್ಲವೆನ್ನಲಾಗಲಿಲ್ಲ.

ಈ ಹಬ್ಬದ ವಿಷಯವನ್ನು ತಿಳಿಯದ ವಾಚಕರಿಗಾಗಿ ಎರಡು ಮಾತು. ಕೊಡವರಲ್ಲಿ ಒಂದೊಂದು ಮನೆತನವನ್ನೂ ಒಕ್ಕವೆನ್ನುತ್ತಾರೆ. ಮನೆತನಗಳು ಒಂದೆಡೆ ಸೇರಲೆಂದು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಈ ಕೌಟುಂಬಿಕ ಹಾಕಿಯನ್ನು ಆರಂಭಿಸಿದರು. ಮೊದಲ ವರ್ಷ ಸೇರಿದ ತಂಡಗಳು 60. ಪ್ರತಿವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ. 2018ರ ಮಳೆಗಾಲದ ಭೂಕುಸಿತ, ಆ ಬಳಿಕ ಕೋವಿಡ್ ಪಿಡುಗು, ಇವುಗಳಿಂದ ಕೆಲವು ವರ್ಷ ನಿಂತಿದ್ದುದು 2023ರಲ್ಲಿ ಮತ್ತೆ ನಡೆಯಿತು. ನಾನು ಹೋದ ವರ್ಷ ಕುಂಡ್ಯೋಳಂಡ ಮನೆತನದವರ ಯಜಮಾನಿಕೆಯಲ್ಲಿ 360 ತಂಡಗಳು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಮನೆತನದವರು ನಡೆಸಿದಾಗ 396. ಒಂದೇ ತಂಡದಲ್ಲಿ ತಂದೆ, ಮಗ, ಸೊಸೆ, ಮೊಮ್ಮಗ ಕೂಡಿ ಆಡುವುದುಂಟು. ಮೈದಾನದ ಸುತ್ತ ಊರಿಗೆ ಊರೇ ನೆರೆದಿತ್ತು. ಐವತ್ತು ವರ್ಷದಿಂದ ನಾನು ಕಾಣದಿದ್ದ ಪಂದ್ಯದ ದಿನವನ್ನು ಅಲ್ಲಿ ಮತ್ತೆ ಕಂಡೆ.

ಸಂಜೆ ಗೆಳೆಯನೆದುರು ಎದೆಯ ಭಾರವನ್ನು ಇಳಿಸಿದೆ. ಕೊಳೆತ ಕಾಯಿಯ ಕಥೆಯನ್ನು ನಾನು ಹೇಳಿ ಮುಗಿಸುವ ಮೊದಲೇ ಅವನು ಗಟ್ಟಿಯಾಗಿ ನಗತೊಡಗಿದ.

“ಆ ಗೋಲು ಹೋದದ್ದು ನನ್ನ ಎರಡು ಕಾಲುಗಳ ನಡುವೆ, ನಿನ್ನ ಕಾಯಿಯ ನಡುವೆ ಅಲ್ಲ. ನಿನಗೇನು ಕಣ್ಣಿರಲಿಲ್ಲವೆ?” ಎಂದ. ಆಮೇಲೆ ನಗು ನಿಲ್ಲಿಸಿ, “ಮುಂದಿನ ಪಂದ್ಯಕ್ಕೆ ಅಂಗಡಿಯಿಂದ ಕಾಯಿ ತಂದೆವು. ಒಡೆಯುವಾಗ ಪಕ್ಕದಲ್ಲಿ ನೀನಿರಲಿಲ್ಲ. ಕೆಟ್ಟದ್ದೆನಿಸಿದ್ದು ಅವತ್ತು,” ಎಂದ.

ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಕಾಯಿ ಒಡೆದರೆ ಗೆಲುವು, ಕೆಟ್ಟರೆ ಸೋಲು ಎಂದು ನಂಬಿ ನಾನು ಐವತ್ತು ವರ್ಷ ಗೆಳೆಯರಿಂದಲೂ ಆಟದಿಂದಲೂ ದೂರವಾಗಿದ್ದೆ. ಸಂಪ್ರದಾಯವಿದ್ದದ್ದು ಗೆಲ್ಲಲಿಕ್ಕಲ್ಲ, ಕೋಲು ಹಿಡಿಯಲಾರದ ಬಿಳಿಗೆರೆಯ ಹುಡುಗನಿಗೂ ಆ ಬಯಲಿನಲ್ಲಿ ಒಂದು ಎಡೆಯಿರಲಿ, ಸೋತವನಿಗೂ ಗೆದ್ದವನಿಗೂ ಒಂದೇ ಕಾಯಿಯ ಚೂರು ದೊರೆಯಲಿ ಎಂಬುದಕ್ಕಾಗಿ. ಈ ಸಣ್ಣ ಮಾತು ತಿಳಿಯಲು ನನಗೆ ಎಪ್ಪತ್ತು ವರ್ಷವಾಗಬೇಕಾಯಿತು.

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಕಾಲೇಜಿನ ತಂಡದಲ್ಲಿ ಹಾಕಿ ಆಡುತ್ತಾಳೆ. ರಜೆಯಲ್ಲಿ ಬಂದವಳನ್ನು, “ನಿಮ್ಮ ಪಂದ್ಯಕ್ಕೆ ಎಷ್ಟು ಜನ ಬರುತ್ತಾರಮ್ಮ?” ಎಂದು ಕೇಳಿದೆ.

“ಯಾರು ಬರ್ತಾರೆ ತಾತ? ಬೆಳಗ್ಗೆ ಏಳು ಗಂಟೆಗೆ, ಅದೂ ಕೆಲಸದ ದಿನ. ನಾವು, ಅವರು, ಇಬ್ಬರು ಅಂಪೈರುಗಳು ಅಷ್ಟೆ. ಮುಗಿದ ಕೂಡಲೇ ತರಗತಿಗೆ ಓಡಬೇಕು,” ಎಂದಳು.

ನನ್ನ ದೂರು ಇದೊಂದೇ. ಕೃತಕ ಹಾಸಿನ ಮೈದಾನಗಳು ಕೆಲವೇ. ಆಡುವ ತಂಡಗಳು ಬಹಳ. ಸಿಕ್ಕ ಹೊತ್ತಿನಲ್ಲಿ ಆಡಿ ಮುಗಿಸಬೇಕು. ಇದು ನನಗೆ ಅರ್ಥವಾಗುತ್ತದೆ. ಆದರೆ ಆಡುವವರ ಹೆಸರನ್ನೇ ಅವರ ಕಾಲೇಜಿನವರು ಅರಿಯದೆ ಹೋದರೆ ಅದನ್ನು ಕಾಲೇಜಿನ ತಂಡವೆನ್ನುವುದು ಹೇಗೆ? ವರ್ಷದಲ್ಲಿ ಒಂದು ಪಂದ್ಯವಾದರೂ ಸಂಜೆಯ ಹೊತ್ತು, ರಜೆಯ ದಿನ ನಡೆಯಲಿ. ಆಡುವ ಮಕ್ಕಳ ಮನೆಯವರಿಗೆ ಒಂದು ಕರೆಯೋಲೆ ಹೋಗಲಿ. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಸಾಕು. ಗೃಹಸ್ಥರಾದ ನಮ್ಮಲ್ಲಿಯೂ ತಪ್ಪುಂಟು. ಮಗಳ ಪರೀಕ್ಷೆಯ ಅಂಕಗಳನ್ನು ಕೇಳುವ ನಾವು ಅವಳ ಪಂದ್ಯ ಎಂದೆಂದು ಕೇಳುವುದಿಲ್ಲ.

ಅವಳ ಮುಂದಿನ ಪಂದ್ಯಕ್ಕೆ ನಾನು ಹೊರಟೆ. ಹಿಂದಿನ ರಾತ್ರಿ ರಾಶಿಯ ಮುಂದೆ ಕುಳಿತು, ಅವ್ವನಂತೆಯೇ, ಇಪ್ಪತ್ತು ಕಾಯಿಗಳನ್ನು ಕಿವಿಯ ಬಳಿ ಅಲ್ಲಾಡಿಸಿ ಒಂದನ್ನು ಆರಿಸಿದೆ. ಮೈದಾನದಲ್ಲಿ ಕಾವಲುಗಾರನು, “ಹಾಸಿನ ಮೇಲೆ ಒಡೆಯಬಾರದು ಯಜಮಾನರೇ, ಚಿಪ್ಪು ಉಳಿದರೆ ಮಕ್ಕಳ ಕಾಲಿಗೆ ಚುಚ್ಚುತ್ತದೆ,” ಎಂದು ವಿನಯದಿಂದ ಹೇಳಿದ. ಅವನ ಮಾತು ನ್ಯಾಯವಾಗಿತ್ತು. ಬೇಲಿಯ ಹೊರಗಿದ್ದ ಕಲ್ಲಿಗೆ ಮೊಮ್ಮಗಳು ಕಾಯಿ ಒಡೆದಳು. ಅವಳ ಗೆಳತಿಯರು ಸುತ್ತ ನಿಂತು ನಕ್ಕರು. ನಾನು ಮಾತ್ರ ಕಣ್ಣು ಮುಚ್ಚಿ ನಿಂತಿದ್ದೆ. ತಿಳಿನೀರು ನನ್ನ ಪಾದದ ಮೇಲೆ ಸಿಡಿದ ಮೇಲೆ ಕಣ್ಣು ತೆರೆದೆ.

ಬಯಲಿನ ಅಂಚಿನಲ್ಲಿ ಕೂಗುವವನು ನಾನೊಬ್ಬನೇ. ಗಂಟಲು ಹಳೆಯದಾದರೂ ಕೂಗಿದೆ. ಮೊದಮೊದಲು ಮೊಮ್ಮಗಳಿಗೆ ನಾಚಿಕೆಯಾಯಿತು. ಎರಡನೆಯ ಭಾಗದ ಹೊತ್ತಿಗೆ ನನ್ನ ಕಡೆ ನೋಡಿ ಕೈಬೀಸಿದಳು. ಅವರು 2-3ರಿಂದ ಸೋತರು. ಕಾಯಿ ಮಾತ್ರ ಬಲು ಚೆನ್ನಾಗಿತ್ತು. ಬೆಲ್ಲದೊಡನೆ ಚೂರು ಮಾಡಿ ಎರಡು ತಂಡದವರಿಗೂ ಹಂಚಿದೆ. ಎದುರು ತಂಡದ ಒಬ್ಬ ಹುಡುಗಿ ತಿನ್ನುತ್ತ, “ಅಜ್ಜ, ಮುಂದಿನ ಪಂದ್ಯಕ್ಕೂ ಬರುತ್ತೀರಾ?” ಎಂದು ಕೇಳಿದಳು.

ಬರುತ್ತೇನೆಂದು ಮಾತು ಕೊಟ್ಟಿದ್ದೇನೆ.