ಗೋಡೆಯೊಳಗಿನ ಸದ್ದು

ಬೆಂಗಳೂರಿನ ಬಸವನಗುಡಿಯು 1898ರ ಪ್ಲೇಗಿನ ತರುವಾಯ ಬೆಳೆದ ಬಡಾವಣೆ. ಅಲ್ಲಿಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ಸೋದರತ್ತೆಯ ಮನೆಯಿದೆ. ಮಂಗಳೂರು ಹೆಂಚು, ಕಂಬದ ಜಗಲಿ, ಒಂದೂವರೆ ಅಡಿ ದಪ್ಪದ ಗಾರೆಗೋಡೆ. ಈಚೆಗೆ ಆ ಮನೆಗೊಂದು ಅಪವಾದ ಬಂದಿತ್ತು. ಬೆಳಗಿನ ಜಾವ ಮೂರು ಗಂಟೆಗೆ ನಡುಮನೆಯ ಗೋಡೆಯೊಳಗಿಂದ ಯಾರೋ ತಟ್ಟಿದಂತೆ ಸದ್ದಾಗುತ್ತಿತ್ತು. ಮನೆಯನ್ನು ಮಾರಿಬಿಡಬೇಕೆಂದು ಮಗ ಹಟ ಹಿಡಿದಿದ್ದ.

"ನಿಮ್ಮ ಮಾವ ರಾತ್ರಿ ಪಾಳಿ ಮುಗಿಸಿ ಬಂದು ಬಾಗಿಲು ತಟ್ಟುತ್ತಿದ್ದದ್ದೂ ಹೀಗೇ ಕಣೋ" ಎಂದರು ಅತ್ತೆ. ಅವರ ದನಿಯಲ್ಲಿ ಭಯವಿರಲಿಲ್ಲ.

ನಾನು ಎರಡು ರಾತ್ರಿ ಅಲ್ಲಿಯೇ ಮಲಗಿದೆ. ಮೊದಲನೆಯ ರಾತ್ರಿ ನಿಶ್ಶಬ್ದ. ಎರಡನೆಯ ರಾತ್ರಿ ಸದ್ದು. ಬೀದಿಗೆ ನೀರು ಬಿಡುವುದೂ ದಿನ ಬಿಟ್ಟು ದಿನವೇ ಎಂಬುದು ಆಗ ಹೊಳೆಯಿತು.

ಈ ಊರಿಗೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂದಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಮೂರು ಹಂತಗಳಲ್ಲಿ ಸುಮಾರು 500 ಮೀಟರು ಎತ್ತರ ಏರಿ ಬರುವ ನೀರದು. ಸರಬರಾಜು ನಿಂತಾಗ ಮನೆಯ ಕೊಳವೆಯಲ್ಲಿ ಗಾಳಿ ತುಂಬುತ್ತದೆ. ಮರಳಿ ಬಂದ ನೀರು ಆ ಗಾಳಿಯನ್ನು ನೂಕುತ್ತದೆ. ಎಲ್ಲಿಯಾದರೂ ಹರಿವು ಫಕ್ಕನೆ ತಡೆದರೆ ನೀರಿನ ವೇಗವೆಲ್ಲ ಪೆಟ್ಟಾಗಿ ಕೊಳವೆಯನ್ನು ಅದುರಿಸುತ್ತದೆ.

ಮರುದಿನ ವಯಸ್ಸಾದ ನಲ್ಲಿ ಕೆಲಸದವರೊಬ್ಬರನ್ನು ಕರೆತಂದೆ. ಅವರು ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ, ತೊಟ್ಟಿಗೆ ಹೋಗುವ ತಿರುಪನ್ನೂ ಮುಚ್ಚಿ, ಮೀಟರನ್ನು ನೋಡಿದರು. ಮುಳ್ಳು ಮೆಲ್ಲನೆ ತಿರುಗುತ್ತಲೇ ಇತ್ತು. ತಿರುಪುಳಿಯ ತುದಿಯನ್ನು ಗೋಡೆಗೂ ಹಿಡಿಯನ್ನು ಕಿವಿಗೂ ಒತ್ತಿ, ಗೇಣುಗೇಣಾಗಿ ಸರಿದು, ದೇವರ ಗೂಡಿನ ಕೆಳಗೆ ನಿಂತರು.

"ತಟ್ಟೋದು ಬೇರೆ, ಸೋರೋದು ಬೇರೆ ಸ್ವಾಮಿ. ಇಲ್ಲಿ ಎರಡೂ ಇವೆ."

ಗಾರೆ ಕೆತ್ತಿದಾಗ ಗುಟ್ಟು ಬಯಲಾಯಿತು. ಕೊಳವೆಯನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಕಳಚಿತ್ತು. ತಾರಸಿಯ ತೊಟ್ಟಿಯ ತೇಲುಗುಂಡು ಕುಣಿಕುಣಿದು ನೀರನ್ನು ತಡೆದಾಗಲೆಲ್ಲ ಕೊಳವೆ ಇಟ್ಟಿಗೆಗೆ ಬಡಿಯುತ್ತಿತ್ತು. ಆ ಬಡಿತಕ್ಕೆ ಸಡಿಲಗೊಂಡ ಕೀಲಿನಿಂದ ನೀರು ಜಿನುಗಿ, ಒಳಗಿನ ಇಟ್ಟಿಗೆಗಳು ನೆನೆದು ಮೆತ್ತಗಾಗಿದ್ದವು. ಇನ್ನೊಂದು ಮಳೆಗಾಲ ಕಳೆದಿದ್ದರೆ ಗೋಡೆ ನಿಲ್ಲುತ್ತಿತ್ತೋ ಇಲ್ಲವೋ!

ಸಂಜೆಯೊಳಗೆ ಹೊಸ ಪಟ್ಟಿ, ಹೊಸ ಕೀಲು, ಹೊಸ ತೇಲುಗುಂಡು ಬಂದವು. ಮನೆ ಮಾರುವ ಮಾತೂ ಅಡಗಿತು.

ಮುಂದಿನ ನೀರಿನ ದಿನ ಮೂರು ಗಂಟೆಗೆ ನನಗೆ ಎಚ್ಚರವಾಯಿತು. ಸದ್ದಿಲ್ಲ. ನಡುಮನೆಯಲ್ಲಿ ಅತ್ತೆ ಗೋಡೆಗೆ ಅಂಗೈಯಿಟ್ಟು ಕುಳಿತಿದ್ದರು.

"ನೀರು ಬಂತು ಕಣೋ, ಕೈಗೆ ತಿಳಿಯುತ್ತೆ" ಎಂದು ಎದ್ದು, ಹಂಡೆ ತುಂಬಿಸಲು ಬಚ್ಚಲಿಗೆ ಹೋದರು.