ತಿಥಿ ಇಲ್ಲದವರು

ಪಂಚವಟಿಯ ರಾಮಕುಂಡಕ್ಕೆ ಬೆಳಗಾದರೆ ಸಾಕು, ಅಸ್ಥಿ ಹಿಡಿದುಕೊಂಡು ಜನ ಬರುತ್ತಾರೆ. ಗೋದಾವರಿಯ ಆ ಜಾಗದಲ್ಲಿ ಬಿಟ್ಟ ಅಸ್ಥಿ ಕರಗಿ ನೀರೇ ಆಗಿಬಿಡುತ್ತದೆ ಎಂಬ ನಂಬಿಕೆಯಿಂದ ಅದನ್ನು ಅಸ್ಥಿವಿಲಯ ತೀರ್ಥ ಎನ್ನುತ್ತಾರೆ. ನಾನು ನಾಸಿಕದಲ್ಲಿ ನೆಲೆಸಿದ ಮೇಲೆ ಊರಿನಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸವಾಗಿದೆ. ಅವರ ಕೈಯಲ್ಲಿರುವ ಆ ಪುಟ್ಟ ಮಡಕೆ ನೋಡಿದಾಗಲೆಲ್ಲ ಅನ್ನಿಸುತ್ತದೆ: ಕರಗಿಸಲು ಏನಾದರೂ ಉಳಿದಿರುವುದೂ ಒಂದು ಪುಣ್ಯವೇ.

ನೀರಿನಲ್ಲೇ ಹೋದವರ ಮನೆಯವರಿಗೆ ಆ ಪುಣ್ಯವಿಲ್ಲ. ನನ್ನ ಅಜ್ಜಿಯ ಅಣ್ಣ ಮಂಗಳೂರು ಹೆಂಚು ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದ ಮಂಜಿಯಲ್ಲಿ ಖಲಾಸಿಯಾಗಿದ್ದರು. ಒಮ್ಮೆ ಹೋದ ಮಂಜಿ ಮರಳಲಿಲ್ಲ. ಅದರಲ್ಲಿ ಎಷ್ಟು ಜನರಿದ್ದರು, ಯಾವ ದಿನ ಮುಳುಗಿತು ಎಂದು ಬರೆದಿಟ್ಟವರು ಯಾರೂ ಇಲ್ಲ. ಮನೆಯಲ್ಲಿ ಹನ್ನೆರಡು ವರ್ಷ ಕಾದರಂತೆ. ಆಮೇಲೆ ದರ್ಭೆಯಲ್ಲಿ ಒಂದು ಆಕೃತಿ ಮಾಡಿ ಸುಟ್ಟರು. ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆಯಲ್ಲ, ಆ ದಿನ ಅವರಿಗೂ ಒಂದು ಎಲೆ. ಬಡಿಸುವಾಗ ಅಜ್ಜಿ ಮಾತ್ರ, "ಅಣ್ಣ ಎಲ್ಲಾದರೂ ಇದ್ದರೆ ಇದು ಅವನ ಹೊಟ್ಟೆಗೆ ಹೋಗಲಿ" ಎನ್ನುತ್ತಿದ್ದಳು. ಸತ್ತವರ ಎಲೆಗೆ ಬದುಕಿದ್ದವರ ಊಟ ಬಡಿಸುತ್ತಿದ್ದಳು.

ಅದು ಹಳೆಯ ಕಾಲದ ಮಾತು, ಈಗ ವೈರ್‌ಲೆಸ್ ಇದೆ, ಜಿಪಿಎಸ್ ಇದೆ ಎಂದುಕೊಂಡಿದ್ದೆವು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ 'ಸುವರ್ಣ ತ್ರಿಭುಜ' ಎಂಬ ಬೋಟ್ ಆಳಸಮುದ್ರದ ಮೀನುಗಾರಿಕೆಗೆ ಹೊರಟಿತು. ಅದರಲ್ಲಿದ್ದವರು ಏಳು ಜನ: ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. 15ರ ರಾತ್ರಿ ಮಹಾರಾಷ್ಟ್ರದ ಸಿಂಧುದುರ್ಗದ ಕಡಲಲ್ಲಿ ಸಂಪರ್ಕ ಕಡಿಯಿತು. ಅಪಹರಣವೇ, ಹಡಗು ಡಿಕ್ಕಿಯೇ ಎಂದು ನೂರು ಮಾತು ಹುಟ್ಟಿದವು. ಜನವರಿಯಲ್ಲಿ ಮೀನುಗಾರರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಉಡುಪಿಯಲ್ಲಿ ಹೆದ್ದಾರಿ ತಡೆದರು. ಅವರು ಕೇಳಿದ್ದು ಇಷ್ಟೇ: ನಮ್ಮವರನ್ನು ಹುಡುಕಿಕೊಡಿ. ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್‌ಗೆ ಮಾಲ್ವಣದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಸಿಕ್ಕಾಗ 2019ರ ಮೇ ತಿಂಗಳು. ಬೋಟ್ ಸಿಕ್ಕಿತು, ಏಳು ಜನ ಸಿಗಲಿಲ್ಲ.

ಕಾಣೆಯಾದವನನ್ನು ಸತ್ತವನೆಂದು ಭಾವಿಸಲು ಹಿರಿಯರು ಹನ್ನೆರಡು ವರ್ಷ ಇಟ್ಟಿದ್ದರು, ಸಾಕ್ಷ್ಯ ಕಾನೂನು ಏಳು ವರ್ಷ ಇಟ್ಟಿದೆ. ಮರಣ ಪ್ರಮಾಣಪತ್ರವಿಲ್ಲದೆ ಬ್ಯಾಂಕಿನ ಹಣವಾಗಲಿ, ವಿಮೆಯಾಗಲಿ ಕೈಗೆ ಬರುವುದು ಕಷ್ಟ. ಆದರೆ ಆ ಕಾಗದ ಕೇಳಲು ಹೋಗುವ ಹೆಂಡತಿಯೇ ಮೊದಲು "ಅವರಿನ್ನು ಇಲ್ಲ" ಎಂದು ಬಾಯಿಬಿಟ್ಟು ಹೇಳಬೇಕಲ್ಲ! ಬೇರೆ ಯಾರಾದರೂ ಅದನ್ನು ಅವಳ ಪರವಾಗಿ ಗಟ್ಟಿಯಾಗಿ ಹೇಳಬಾರದೇ?

ಹಾಗೆ ಹೇಳಿದ ಊರೊಂದಿದೆ. ಅಮೆರಿಕದ ಮಿಚಿಗನ್‌ನ ಸಹೋದ್ಯೋಗಿಯೊಬ್ಬರಿಂದ ನನಗೆ ಆ ಕಥೆ ಗೊತ್ತಾಯಿತು. 1975ರ ನವೆಂಬರ್ 10ರ ರಾತ್ರಿ ಸುಪೀರಿಯರ್ ಸರೋವರದ ಬಿರುಗಾಳಿಯಲ್ಲಿ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ 729 ಅಡಿ ಉದ್ದದ ಸರಕು ಹಡಗು ಕಬ್ಬಿಣದ ಅದಿರಿನ ಸಮೇತ ಮುಳುಗಿತು. ಅಪಾಯದ ಕರೆ ಬರಲಿಲ್ಲ. ಅದರಲ್ಲಿದ್ದ 29 ಜನರಲ್ಲಿ ಒಬ್ಬರ ದೇಹವನ್ನೂ ದಡಕ್ಕೆ ತರಲಾಗಲಿಲ್ಲ. ಮರುದಿನ ಬೆಳಿಗ್ಗೆ ಡೆಟ್ರಾಯಿಟ್‌ನ ನಾವಿಕರ ಚರ್ಚಿನ ಪಾದ್ರಿ ಗಂಟೆಯನ್ನು 29 ಸಲ ಬಾರಿಸಿದರು. 1995ರಲ್ಲಿ ಹಡಗಿನ ಗಂಟೆಯನ್ನು ಮೇಲೆತ್ತಿ, ಅದರ ಬದಲಿಗೆ 29 ಹೆಸರು ಕೆತ್ತಿದ ಇನ್ನೊಂದು ಗಂಟೆಯನ್ನು ನೀರಿನಡಿ ಇಟ್ಟು ಬಂದರು. ಅಲ್ಲೂ ಹಡಗು ಯಾಕೆ ಮುಳುಗಿತು ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ವಾದ ಮುಗಿಯಲಿ ಎಂದು ಗಂಟೆ ಕಾಯಲಿಲ್ಲ.

ನಾವು ಈ ಎರಡನ್ನೂ ಬೆರೆಸಿಬಿಡುತ್ತೇವೆ. ತನಿಖೆ, ಪರಿಹಾರ, ಆರೋಪಗಳ ಗದ್ದಲ ತಣ್ಣಗಾಗುವ ಹೊತ್ತಿಗೆ ಹೆಸರುಗಳೂ ಮರೆತಿರುತ್ತವೆ. ಸುವರ್ಣ ತ್ರಿಭುಜದ ಏಳು ಹೆಸರುಗಳು ಆಗ ಪತ್ರಿಕೆಗಳಲ್ಲಿ ಬಂದಿದ್ದವು. ಡಿಸೆಂಬರ್ 15ರಂದು ಅವನ್ನು ಒಂದೊಂದಾಗಿ ಗಟ್ಟಿಯಾಗಿ ಓದಲು ಯಾವ ಸಮಿತಿಯ ವರದಿಯೂ ಬೇಕಿಲ್ಲ. ಕಡಲಿನಿಂದ ದೂರ ಬಂದು ಕೂತ ನಾವೂ ಓದಬಹುದು.

ಸುಪೀರಿಯರ್ ದಂಡೆಯ ವೈಟ್‌ಫಿಶ್ ಪಾಯಿಂಟ್‌ನಲ್ಲಿ ಮೇಲೆತ್ತಿದ ಆ ಹಳೆಯ ಗಂಟೆ ಈಗಲೂ ಪ್ರತಿ ನವೆಂಬರ್ 10ಕ್ಕೆ ಮೊಳಗುತ್ತದೆ. 29ರ ನಂತರ ಅವರು ಇನ್ನೊಂದು ಸಲ ಬಾರಿಸುತ್ತಾರೆ. ಆ ಮೂವತ್ತನೆಯದು ಆ ಸರೋವರಗಳಲ್ಲಿ ಹೋದ ಉಳಿದೆಲ್ಲರಿಗೆ. ಅದನ್ನು ಕೇಳಿದ ಮೇಲೆ, ಅಜ್ಜಿ ಹಾಕುತ್ತಿದ್ದ ಆ ಒಂದು ಎಲೆಯನ್ನು ನಾವು ನಿಲ್ಲಿಸಿಲ್ಲ.